ಹಲ್ಲಿನ ನೆರಳು ಮುಚ್ಚಿದ ಎಲುಬು

ನಾನು ಸುಳ್ಳು ಹೇಳಿದೆ. ಆ ಮನುಷ್ಯನಿಗೆ ಬಾಯಿ ತೆರೆಯಲು ಆಗುವುದಿಲ್ಲ ಎಂದು ಡಾಕ್ಟರಿಗೆ ಹೇಳಿದೆ. ಆ ಮನುಷ್ಯ ಬಾಯಿ ತೆರೆದಿದ್ದರು. ಇನ್ನೂ ಸ್ವಲ್ಪ ಅಗಲವಾಗಿ ತೆರೆಯಿರಿ, ಕಟ್ಟಿಸಿದ ಹಲ್ಲಿದ್ದರೆ ತೆಗೆದಿಡಿ ಎಂದು ನಾನು ಹೇಳಬೇಕಿತ್ತು — ಹೇಳಲಿಲ್ಲ. ಅಷ್ಟೇ ಆಗಿದ್ದರೆ ಅದನ್ನು ಅಜಾಗರೂಕತೆ ಎಂದು ಕರೆದು ಹೇಗೋ ಬದುಕಬಹುದಿತ್ತೇನೋ. ಆಮೇಲೆ ಮಾಡಿದ್ದಕ್ಕೆ ಆ ಹೆಸರು ಸಾಲದು. ನನ್ನ ತಪ್ಪು ಒಬ್ಬ ಹೆಂಗಸಿನ ತಲೆಯ ಮೇಲೆ ಹೋಗಿ ಕೂರುವುದನ್ನು ಕಣ್ಣಾರೆ ನೋಡಿದೆ. ಸುಮ್ಮನಿದ್ದೆ ಎಂದರೂ ಅದು ಪೂರ್ತಿ ನಿಜವಲ್ಲ — ಅದು ಅಲ್ಲೇ ಗಟ್ಟಿಯಾಗಿ ಕೂರುವ ಹಾಗೆ ಒಂದು ಮಾತನ್ನೂ ಆಡಿದೆ.

ನಾನು ಎಕ್ಸ್‌ರೇ ತೆಗೆಯುವವನು. ಆಗ ಬೆಳ್ತಂಗಡಿಯ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿದ್ದೆ. ಅದು ಮುಚ್ಚಿ ಬಹಳ ಕಾಲವಾಯಿತು, ಈಗ ಮೂಡುಬಿದಿರೆಯಲ್ಲಿದ್ದೇನೆ. ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವ ಚಿತ್ರವೆಂದರೆ ಕುತ್ತಿಗೆಯ ಮೇಲ್ತುದಿಯದ್ದು. ತಲೆಬುರುಡೆಯ ಕೆಳಗಿನ ಮೊದಲ ಎಲುಬು ಒಂದು ಬಳೆಯ ಹಾಗಿದೆ. ಎರಡನೆಯ ಎಲುಬಿನಿಂದ ಒಂದು ಗೂಟ ಮೇಲೆದ್ದು ಆ ಬಳೆಯೊಳಗೆ ನಿಂತಿರುತ್ತದೆ. ನಾವು ‘ಬೇಡ’ ಎಂದು ತಲೆಯಾಡಿಸುವುದು ಆ ಗೂಟದ ಸುತ್ತ. ಅದರ ಬೆನ್ನಿಗೇ ಇಡೀ ದೇಹಕ್ಕೆ ಹೋಗುವ ನರದ ಹುರಿ. ಎದುರಿನಿಂದ ಚಿತ್ರ ತೆಗೆದರೆ ದವಡೆ, ಹಲ್ಲು ಎಲ್ಲ ಅಡ್ಡ ಬರುತ್ತವೆ. ಹಾಗಾಗಿ ರೋಗಿಯನ್ನು ಮಲಗಿಸಿ, ಬಾಯಿ ತೆರೆಸಿ, ತೆರೆದ ಬಾಯಿಯ ಮೂಲಕವೇ ತೆಗೆಯಬೇಕು. ಗದ್ದ ತುಸು ತಗ್ಗಿದರೆ ಮೇಲಿನ ಹಲ್ಲುಗಳು ಗೂಟವನ್ನು ಮುಚ್ಚುತ್ತವೆ. ತುಸು ಏರಿದರೆ ಬುರುಡೆಯ ಅಡಿಭಾಗ ಮುಚ್ಚುತ್ತದೆ. ಬಿದ್ದು ಬಂದವರ ಕುತ್ತಿಗೆಯನ್ನಂತೂ ನಾವು ಅಲುಗಿಸುವ ಹಾಗಿಲ್ಲ. ಯಂತ್ರವನ್ನೇ ಅವರಿಗೆ ತಕ್ಕಂತೆ ಓರೆ ಮಾಡಬೇಕು. ಮೊದಲ ಸಲಕ್ಕೇ ಸರಿಯಾಗಿ ಬರುವುದು ಅಪರೂಪ. ಬರದಿದ್ದರೆ ಇನ್ನೊಂದು ತೆಗೆಯಬೇಕು. ಇದೆಲ್ಲ ನನಗೆ ಆಗಲೂ ಗೊತ್ತಿತ್ತು. ತಿಳಿಯದೆ ಆದದ್ದಲ್ಲ.

ವಾಸಣ್ಣ ವಾಮದಪದವಿನ ಟೈಲರ್. ಶಾಲೆಯ ಯೂನಿಫಾರ್ಮಿಗೂ ಮದುವೆಯ ರವಿಕೆಗೂ ಸುತ್ತಿನ ಊರಿನವರು ಅವರನ್ನೇ ನಂಬಿದ್ದರು — ಇದು ನಾನು ಆಮೇಲೆ ತಿಳಿದದ್ದು. ಅವತ್ತು ನನ್ನ ಪಾಲಿಗೆ ಅವರು ಮಧ್ಯಾಹ್ನ ಕಳೆದ ಮೇಲೆ ಬಂದ ಕೊನೆಯ ರೋಗಿ, ಅಷ್ಟೆ. ತಮ್ಮ ಹರೀಶನ ಬೈಕಿನ ಹಿಂದೆ ಕುಳಿತು ಬರುವಾಗ ನಾಯಿ ಅಡ್ಡ ಬಂದು, ತಲೆ ಕೆಳಗಾಗಿ ಚರಂಡಿಗೆ ಬಿದ್ದಿದ್ದರು. ನೆತ್ತಿಯಲ್ಲಿ ಸಣ್ಣ ಗಾಯ. ಕೈಕಾಲು ಚೆನ್ನಾಗಿಯೇ ಆಡುತ್ತಿದ್ದವು. ಒಂದು ಕಡೆ ಹರೀಶ, ಇನ್ನೊಂದು ಕಡೆ ಹೆಂಡತಿ ಲೀಲಾವತಿ. ನಡುವೆ ಅವರು ಎರಡೂ ಕೈಯಿಂದ ತಮ್ಮ ತಲೆಯನ್ನು ತಾವೇ ಹಿಡಿದುಕೊಂಡು ನಡೆದು ಬಂದರು, ತುಂಬಿದ ಕೊಡ ಹೊತ್ತವರ ಹಾಗೆ. ಹಾಗೆ ತಲೆ ಹಿಡಿದುಕೊಂಡು ಬರುವವರನ್ನು ಎಂದೂ ಹಗುರವಾಗಿ ಕಾಣಬೇಡಿ ಎಂದು ಕಲಿಯುವಾಗ ನಮಗೆ ಹೇಳಿಕೊಟ್ಟಿದ್ದರು. ಅದೂ ನೆನಪಿತ್ತು.

ಆದರೆ ಅವತ್ತು ಸಂಜೆ ನಾನು ಮುಂಡಾಜೆಗೆ ಹೆಣ್ಣು ನೋಡಲು ಹೋಗುವುದಿತ್ತು. ಇಸ್ತ್ರಿ ಮಾಡಿದ ಅಂಗಿ ಡಾರ್ಕ್‌ರೂಮಿನ ಬಾಗಿಲ ಹಿಂದೆ ತೂಗುತ್ತಿತ್ತು. ಅಪ್ಪ, ಮಾವ ಬಸ್‌ಸ್ಟ್ಯಾಂಡಿನಲ್ಲಿ ಆಗಲೇ ಬಂದು ನಿಂತಿದ್ದರು. ಅವತ್ತು ನನ್ನನ್ನು ಬೇರೆ ಯಾರೂ ಅವಸರಪಡಿಸಿರಲಿಲ್ಲ. ಈ ಅಂಗಿಯ ಕಥೆಯನ್ನು ಕಾರಣ ಎಂದು ಹೇಳುತ್ತಿಲ್ಲ. ಒಬ್ಬ ಮನುಷ್ಯನ ಕುತ್ತಿಗೆಯ ಎದುರು ನಾನು ಏನನ್ನು ಇಟ್ಟು ತೂಗಿದೆ ಎಂಬುದು ನಿಮಗೂ ಗೊತ್ತಿರಲಿ ಎಂದು ಹೇಳುತ್ತಿದ್ದೇನೆ.

ಪಕ್ಕದಿಂದ ತೆಗೆದ ಚಿತ್ರ ಚೆನ್ನಾಗಿಯೇ ಬಂತು. ಆಮೇಲೆ ಬಾಯಿ ತೆರೆಸಿ ತೆಗೆಯುವುದು. “ಬಾಯಿ ತೆರೆಯಿರಿ” ಎಂದೆ. ತೆರೆದರು, ಅರ್ಧ. ಮೇಲಿನ ತುಟಿ ಮುಂದಿನ ಹಲ್ಲುಗಳನ್ನು ಬಿಟ್ಟು ಮೇಲೇರಲಿಲ್ಲ. ಏನನ್ನೋ ಅಡಗಿಸುತ್ತಿದ್ದಾರೆ ಎಂದು ತೋರಿತು. ಆದರೂ ಗುಂಡಿ ಒತ್ತಿದೆ. ಫಿಲಂ ತೊಳೆದು, ಇನ್ನೂ ನೀರು ಇಳಿಯುತ್ತಿರುವಾಗಲೇ ಬೆಳಕಿಗೆ ಹಿಡಿದು ನೋಡಿದೆ. ಗೂಟ ಇರಬೇಕಾದ ಜಾಗದ ಮೇಲೆ ಹಲ್ಲಿನ ಸಾಲು ಬಿಳಿಯಾಗಿ ಕೂತಿತ್ತು. ಆ ಸಾಲಿನಲ್ಲಿ ತಂತಿಯ ಒಂದು ಕೊಕ್ಕೆ. ಮುಂದಿನ ಹಲ್ಲು ಕಟ್ಟಿಸಿದ್ದು, ತೆಗೆದು ಹಾಕುವ ಸೆಟ್. ಅದನ್ನು ತೆಗೆಸಿ, ಯಂತ್ರವನ್ನು ತುಸು ಓರೆ ಮಾಡಿ, ಮತ್ತೊಮ್ಮೆ ತೆಗೆಯಬೇಕು. ಅದಕ್ಕೆ ಮತ್ತೆ ಫಿಲಂ ತೊಳೆಯಬೇಕು, ಮತ್ತೆ ಕಾಯಬೇಕು — ಮುಂಡಾಜೆಯ ಬಸ್ಸು ತಪ್ಪುತ್ತದೆ.

ಮೂಳೆಯ ಡಾಕ್ಟರು ಬಂಟ್ವಾಳದಿಂದ ಬರುತ್ತಿದ್ದರು. ಹಿರಿಯರು, ಮೆದು ಮಾತಿನವರು, ನನ್ನ ಕೆಲಸದ ಮೇಲೆ ಅವರಿಗೆ ನಂಬಿಕೆ. ಫಿಲಮನ್ನು ಲೈಟಿನ ಪೆಟ್ಟಿಗೆಗೆ ಸಿಕ್ಕಿಸಿ ಕನ್ನಡಕ ಮೇಲೆತ್ತಿದರು.

“ಸುರೇಶ, ಇದರಲ್ಲಿ ಬೇಕಾದ್ದೇ ಕಾಣುವುದಿಲ್ಲವಲ್ಲ. ಇನ್ನೊಂದು ತೆಗೆಯಲಿಕ್ಕೆ ಆಗ್ತದಾ?”

“ನೋಡಿದೆ ಸರ್. ಅವರಿಗೆ ಬಾಯಿ ತೆರೆಯಲಿಕ್ಕೆ ಆಗುವುದಿಲ್ಲ.”

ಇದೇ ಆ ಮಾತು. ಎಷ್ಟು ಸುಲಭವಾಗಿ ಬಂತು ಎಂದರೆ... ಸುಳ್ಳು ಹೇಳುತ್ತಿದ್ದೇನೆ ಎಂದು ನನ್ನ ಕಿವಿಗೂ ಅನಿಸಲಿಲ್ಲ. ಡಾಕ್ಟರು ಪಕ್ಕದ ಚಿತ್ರವನ್ನು ಇನ್ನೊಮ್ಮೆ ನೋಡಿದರು. ಅದರಲ್ಲಿ ಎದ್ದು ಕಾಣುವಂಥದ್ದೇನೂ ಇರಲಿಲ್ಲ. ನೋವಿಗೆ ಮಾತ್ರೆ ಬರೆದರು. ಕುತ್ತಿಗೆಗೆ ಸ್ಪಂಜಿನ ಪಟ್ಟಿ ಕೊಟ್ಟು, ನೋವು ಜಾಸ್ತಿಯಾದರೆ ಬನ್ನಿ ಎಂದು ಕಳಿಸಿದರು. ನಾನು ನಿಜ ಹೇಳಿದ್ದರೆ ಎರಡನೆಯ ಚಿತ್ರ ಕೇಳುತ್ತಿದ್ದರು. ಅದರಲ್ಲಿ ಬಿರುಕು ಕಂಡಿದ್ದರೆ ವಾಸಣ್ಣ ಅವತ್ತೇ ಮಂಗಳೂರಿಗೆ ಹೋಗುತ್ತಿದ್ದರು. ನಾನು ಅಂಗಿ ಬದಲಿಸಿ ಮುಂಡಾಜೆಗೆ ಹೋದೆ. ಹುಡುಗಿಯ ಹೆಸರು ಶೋಭಾ. ತಲೆ ತಗ್ಗಿಸಿಕೊಂಡು ಕಾಫಿ ತಂದಿಟ್ಟಳು. ನನಗೆ ಇಷ್ಟವಾದಳು. ಬರುವಾಗ ಬಸ್ಸಿನಲ್ಲಿ ಮಾವ ಏನೋ ತಮಾಷೆ ಮಾಡಿದರು, ಗಟ್ಟಿಯಾಗಿ ನಕ್ಕೆ.

ಮದುವೆಯ ಮಾತುಕತೆ ನಡೆಯುತ್ತಿರುವಾಗಲೇ ಒಂದು ದಿನ ಹರೀಶ ಆಸ್ಪತ್ರೆಗೆ ಬಂದ. ಅಣ್ಣನ ಹಳೆಯ ಫಿಲಂ ಬೇಕಿತ್ತಂತೆ, ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಕೇಳಿದ್ದರು. ವಾಸಣ್ಣನ ಎರಡೂ ಕೈ ಸೋತುಹೋಗಿದ್ದವು. ಕುತ್ತಿಗೆಯ ಮೇಲಿನ ಎಲುಬು ಮುರಿದು ಜಾರಿ ನರವನ್ನು ಒತ್ತಿದೆ ಎಂದು ಆಪರೇಷನ್ ಮಾಡಿದ್ದರು. ಜೀವ ಉಳಿದಿತ್ತು. ಬೆರಳುಗಳಿಗೆ ಮಾತ್ರ ಹಿಡಿತ ಬರಲಿಲ್ಲ.

“ನೋವು ಅಂತ ಅತ್ತಿಗೆ ದಿನಾ ಎಣ್ಣೆ ತಿಕ್ಕಿದ್ದಾರೆ ಮಾರಾಯ್ರೆ. ಪಟ್ಟಿ ತೆಗೆದಿಟ್ಟು, ಬಿಸಿನೀರು ಹೊಯ್ದು. ಬಾಣಂತಿಯರಿಗೆ, ಮಕ್ಕಳಿಗೆ ಎಣ್ಣೆ ಹಚ್ಚಿ ಮೀಯಿಸುವವರಲ್ಲವಾ ಅವರು, ನನಗೆ ಗೊತ್ತುಂಟು ಅಂತ ಧೈರ್ಯ. ಅದರಲ್ಲೇ ಎಲುಬು ಹೋದದ್ದು ಅಂತ ಮನೆಯಲ್ಲೆಲ್ಲ ಹೇಳ್ತಾ ಇದ್ದಾರೆ. ನಿಮ್ಮ ಫೋಟೋದಲ್ಲಿ ಎಂತ ಸಹ ಇರಲಿಲ್ಲ ಅಲ್ಲವಾ?”

ಅವನ ಮುಖದಲ್ಲಿ ದುಃಖವಿತ್ತು. ಅದರ ಹಿಂದೆ ಇನ್ನೊಂದೂ ಇತ್ತು — ಬೈಕು ಬಿಟ್ಟವನು ತಾನು, ಆದರೆ ತಪ್ಪು ತನ್ನದಲ್ಲ ಎಂಬ ಬಿಡುಗಡೆ. ನಾನು ಅದನ್ನು ಹೇಗೆ ಗುರುತಿಸಿದೆ ಎಂದರೆ ನನಗೂ ಅದೇ ಆಗಿತ್ತು. ಹೌದು, ಒಬ್ಬ ಟೈಲರನ ಬೆರಳು ಹೋಯಿತು ಎಂಬ ಸುದ್ದಿ ಕೇಳಿದಾಗ ನನಗೆ ಮೊದಲು ಆದದ್ದು ಸಮಾಧಾನ. ತಪ್ಪಿಗೆ ಒಬ್ಬರು ಸಿಕ್ಕಿದ್ದಾರೆ, ಅದು ನಾನಲ್ಲ. ನಾನು ಫಿಲಂ ಹುಡುಕಿ ಅವನ ಕೈಗಿಡುತ್ತಾ ಹೇಳಿದೆ:

“ನಮ್ಮದರಲ್ಲಿ ಏನೂ ಇರಲಿಲ್ಲ. ಹಾಗೆಲ್ಲ ತಿಕ್ಕಬಾರದಿತ್ತು. ತಿಕ್ಕಿದ್ದರಿಂದಲೇ ಆಗಿರಬೇಕು.”

ಅವನು ತಲೆಯಾಡಿಸಿ ಹೋದ. ಆ ಮಾತು ಅವನ ಜೊತೆ ವಾಮದಪದವಿಗೆ ಹೋಯಿತು. ಡಾಕ್ಟರು ಹೇಳಿದ್ದಲ್ಲ, ಯಾವ ಕಾಗದದಲ್ಲೂ ಬರೆದದ್ದಲ್ಲ. ಎಕ್ಸ್‌ರೇ ತೆಗೆದವನ ಬಾಯಿಮಾತು. ಆದರೆ ಊರಿಗೆ ಅಷ್ಟು ಸಾಕಿತ್ತು.

ಶೋಭಾಳನ್ನು ಮದುವೆಯಾದೆ. ಮೂಡುಬಿದಿರೆಯಲ್ಲಿ ಕೆಲಸ ಸಿಕ್ಕಿತು, ಬಂದೆವು. ಮಗಳು ಹುಟ್ಟಿದಾಗ ಮುಂಡಾಜೆಯ ಮನೆಗೆ ಒಬ್ಬ ಅಜ್ಜಿ ಮೀಯಿಸಲು ಬರುತ್ತಿದ್ದರು. ಚಾಚಿದ ಕಾಲುಗಳ ಮೇಲೆ ಮಗುವನ್ನು ಮಲಗಿಸಿ ಎಣ್ಣೆ ನೀವುವಾಗ ಎಲ್ಲರೂ ಸುತ್ತ ನಿಂತು ನೋಡುತ್ತಿದ್ದರು. ನಾನು ಏನೋ ನೆಪ ಹೇಳಿ ಹೊರಗೆ ಹೋಗುತ್ತಿದ್ದೆ. ಅಷ್ಟೇ ನನ್ನ ಪಶ್ಚಾತ್ತಾಪ — ಎದ್ದು ಹೊರಗೆ ಹೋಗುವುದು. ಮರೆತಿದ್ದೆ ಎಂದರೆ ಸುಳ್ಳು. ನೆನಪಾದಾಗಲೆಲ್ಲ ನೆನಪನ್ನು ಪಕ್ಕಕ್ಕೆ ಸರಿಸುವುದು ಅಭ್ಯಾಸವಾಗಿತ್ತು. ಈ ನಡುವೆ ನನ್ನ ಕೈ ಪಳಗಿತು. ಕುತ್ತಿಗೆಯ ಚಿತ್ರ ಎಂದರೆ ನನ್ನನ್ನೇ ಕರೆಯುವಷ್ಟು ಹೆಸರೂ ಬಂತು. ಹೊಸಬರಿಗೆ ಹೇಳಿಕೊಡುವಾಗ ಕಟ್ಟಿಸಿದ ಹಲ್ಲಿನ ಬಗ್ಗೆ ಒತ್ತಿ ಒತ್ತಿ ಹೇಳುತ್ತಿದ್ದೆ. ಇದನ್ನು ಎಲ್ಲಿ ಕಲಿತಿರಿ ಎಂದು ಯಾರೂ ಕೇಳಲಿಲ್ಲ.

ಕಳೆದ ವರ್ಷ ಲೀಲಕ್ಕ ಬಂದರು, ವಾಸಣ್ಣನ ಹೆಂಡತಿ.

ಚೀಟಿಯಲ್ಲಿ ಹೆಸರು ನೋಡಿದಾಗ ಹೊಳೆಯಲಿಲ್ಲ. ಊರು ನೋಡಿದಾಗ ಚೀಟಿಯನ್ನು ಇನ್ನೊಮ್ಮೆ ಓದಿದೆ. ತಲೆ ನರೆತಿತ್ತು. ಬೆರಳಿನ ಗಂಟುಗಳು ಊದಿಕೊಂಡಿದ್ದವು. ಅಂಥ ಗಂಟುನೋವು ಕುತ್ತಿಗೆಯ ಮೇಲಿನ ಎಲುಬಿಗೂ ಏರಬಹುದು ಎಂದು, ಬಾಯಿ ತೆರೆಸಿ ತೆಗೆಯುವ ಚಿತ್ರವನ್ನೇ ಡಾಕ್ಟರು ಬರೆದಿದ್ದರು. ನನ್ನ ಗುರುತು ಅವರಿಗೆ ಹತ್ತಲಿಲ್ಲ. ನಾನು ಅವರನ್ನು ಮಲಗಿಸಿದೆ. ಹಣೆಯಿಂದ ಗದ್ದದವರೆಗೆ ಗೆರೆ ನೇರ ಉಂಟೋ ಎಂದು ನೋಡಿದೆ. ಕಿವಿಯ ಹಿಂದಿನ ಎಲುಬಿನ ತುದಿಯನ್ನೂ ಮೇಲಿನ ಹಲ್ಲಿನ ಅಂಚನ್ನೂ ಒಂದೇ ಗೆರೆಗೆ ತರಲು ಗದ್ದವನ್ನು ಎರಡು ಬೆರಳಿನಿಂದ ಮೆಲ್ಲ ಎತ್ತಿದೆ.

“ಬಾಯಿ ದೊಡ್ಡದಾಗಿ ತೆರೆಯಬೇಕು ಅಕ್ಕ. ಕಟ್ಟಿಸಿದ ಹಲ್ಲು ಉಂಟಾ?”

“ಇಲ್ಲ. ಹಲ್ಲು ಕಟ್ಟಿಸಿದ್ದು ನಮ್ಮವರು,” ಎಂದು ಅವರು ನಕ್ಕರು. ತುಳುವಿನಲ್ಲಿ ಮಾತಾಡುತ್ತಿದ್ದರು. “ಅವರಿಗೂ ಹೀಗೇ ತೆಗೆದಿದ್ದರಂತೆ, ಬೆಳ್ತಂಗಡಿಯಲ್ಲಿ. ಅದರಲ್ಲಿ ಎಂತ ಸಹ ಇರಲಿಲ್ಲ. ಮತ್ತೆ ಹಾಳು ಮಾಡಿದ್ದು ನಾನೇ.”

“ಹಾಗೆ ಯಾರು ಹೇಳಿದ್ದು?” ನನ್ನ ದನಿ ನನಗೇ ಬೇರೆ ಯಾರದ್ದೋ ಎಂಬಂತೆ ಕೇಳಿತು.

“ಎಕ್ಸ್‌ರೇಯವರೇ ಹೇಳಿದ್ದಲ್ಲವಾ, ನನ್ನ ಮೈದುನನ ಹತ್ತಿರ. ಗೊತ್ತಿದ್ದವರು ಸುಳ್ಳು ಹೇಳ್ತಾರಾ? ಆಮೇಲೆ ನನ್ನನ್ನು ಯಾರೂ ಮೀಯಿಸಲಿಕ್ಕೆ ಕರೆಯಲಿಲ್ಲ. ಗಂಡನ ಕುತ್ತಿಗೆ ಮುರಿದವಳ ಕೈಗೆ ಮಗು ಕೊಡ್ತಾರಾ? ಕೊಡುವುದಿಲ್ಲ. ನಾನಾದರೂ ಕೊಡ್ತಿರಲಿಲ್ಲ.”

ಅವರ ಗದ್ದ ನನ್ನ ಬೆರಳ ಮೇಲಿತ್ತು. ಆಗಲೇ ಹೇಳಬಹುದಿತ್ತು. “ಬಾಯಿ ತೆರೆಯಿರಿ, ‘ಆ’ ಅಂತ ಹೇಳಿ,” ಎಂದೆ. ಚಿತ್ರ ಸ್ವಚ್ಛವಾಗಿ ಬಂತು. ಗೂಟ, ಬಳೆ, ಎರಡೂ ಬದಿಯ ಸಂದು, ಎಲ್ಲ ಸರಿಯಾಗಿತ್ತು. ಅವರು ಕೈಮುಗಿದು ಹೋದರು. ನಾನು ಪುನಃ ಸುಮ್ಮನಿದ್ದೆ.

ಅವತ್ತು ಮನೆಗೆ ಹೋಗಿ ಶೋಭಾಳಿಗೆ ಎಲ್ಲವನ್ನೂ ಹೇಳಿದೆ. ಎಷ್ಟೋ ವರ್ಷ ಒಟ್ಟಿಗೆ ಇದ್ದೂ ಹೇಳದಿದ್ದದ್ದು. ಅವಳು ಕೇಳುತ್ತಾ ಕೇಳುತ್ತಾ ಬಸಳೆ ಸೋಸುವುದನ್ನು ನಿಲ್ಲಿಸಿದಳು. ಬೈಯಲಿಲ್ಲ.

“ಅವತ್ತು ನೀವು ತಡವಾಗಿ ಬಂದಿದ್ದರೆ ನಾವು ಕಾಯ್ತಿದ್ದೆವು,” ಎಂದಳು. ಅಷ್ಟೇ ಹೇಳಿ ಒಳಗೆ ಹೋದಳು.

ಮೊದಲು ಬಂಟ್ವಾಳಕ್ಕೆ ಹೋದೆ. ಡಾಕ್ಟರು ಈಗ ಕೆಲಸ ಬಿಟ್ಟಿದ್ದಾರೆ, ಕಣ್ಣು ಮಂಜಾಗಿದೆ. ಸಿಟ್ಟು ಮಾಡಿದ್ದರೆ ಹಗುರವಾಗುತ್ತಿತ್ತು. ಅವರು ಅಂಗಳ ನೋಡುತ್ತಾ, “ನಿನ್ನ ಮಾತು ನಂಬಿ ನಾನು ಎದ್ದು ಹೋಗಿ ಅವರ ಬಾಯಿ ನೋಡಲಿಲ್ಲ. ಅದು ನನ್ನದು. ಉಳಿದದ್ದು ನಿನ್ನದು,” ಎಂದರು. ನಾನು ಎದ್ದು ಹೊರಡುವಾಗ ಅವರು ಎಂದಿನ ಹಾಗೆ ಗೇಟಿನವರೆಗೆ ಬರಲಿಲ್ಲ.

ಅಲ್ಲಿಂದ ವಾಮದಪದವು. ಅಂಗಡಿ ಅದೇ. ಹೊಲಿಗೆ ಯಂತ್ರದ ಎದುರು ಕೂತದ್ದು ಲೀಲಕ್ಕ. ವಾಸಣ್ಣ ಪಕ್ಕದ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಬೆರಳು ಮಡಚಿಕೊಂಡು, ತೋಳಿನ ಹೊಲಿಗೆ ಎಲ್ಲಿ ತಿರುಗಬೇಕು ಎಂದು ಬಾಯಲ್ಲೇ ಹೇಳುತ್ತಿದ್ದರು. ವಾಸಣ್ಣ ಹೇಳಿಕೊಟ್ಟು, ಲೀಲಕ್ಕ ಕಲಿತು, ಊದಿದ ಆ ಬೆರಳುಗಳಿಂದ ಆ ಮನೆ ನಡೆದಿತ್ತು. ನಾನು ಯಾರು ಎಂದು ಹೇಳಿದೆ. ಅವತ್ತು ಏನಾಯಿತು ಎಂದು ಹೇಳಿದೆ. ಅಂಗಿ, ಬಸ್ಸು, ಡಾಕ್ಟರಿಗೆ ಹೇಳಿದ ಸುಳ್ಳು, ಹರೀಶನಿಗೆ ಹೇಳಿದ ಮಾತು — ಯಾವುದನ್ನೂ ಬಿಡಲಿಲ್ಲ. ಹೇಳುವಾಗ ಯಂತ್ರದ ಸದ್ದು ನಿಂತಿತ್ತು.

ಮೊದಲು ಮಾತಾಡಿದ್ದು ವಾಸಣ್ಣ. “ಅವತ್ತು ಹಲ್ಲು ತೋರಿಸಲಿಕ್ಕೆ ನಾಚಿಕೆ ಆಗಿತ್ತು, ಹೌದು. ಆದರೆ ನೀವು ಕೇಳಿದ್ದರೆ ಸೆಟ್ ತೆಗೆದಿಡ್ತಿದ್ದೆ ಮಾರಾಯ್ರೆ. ಯಾರೂ ಕೇಳಲಿಲ್ಲ.”

ಲೀಲಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು. “ಒಂದು ಹೇಳಿ. ನಾನು ಎಣ್ಣೆ ತಿಕ್ಕದಿದ್ದರೆ ಇವರ ಕೈ ಉಳೀತಿತ್ತಾ?”

ಈ ಪ್ರಶ್ನೆಗೆ ನಾನು ದಾರಿಯುದ್ದಕ್ಕೂ ಉತ್ತರ ಕಟ್ಟಿಕೊಂಡು ಬಂದಿದ್ದೆ. ನಿಮ್ಮದೇನೂ ಇಲ್ಲ ಅಕ್ಕ, ಎಲ್ಲ ನನ್ನದೇ — ಎಂದು. ಕೇಳಲು ಚೆಂದದ ಮಾತು. ಆದರೆ ಅದೂ ನನಗೆ ಗೊತ್ತಿಲ್ಲದ ಮಾತು. ಗೊತ್ತಿಲ್ಲದ್ದನ್ನು ಗೊತ್ತಿದ್ದವನ ಹಾಗೆ ಹೇಳಿಯೇ ಅಲ್ಲವೇ ನಾನು ಈ ಮನೆಯನ್ನು ಹೀಗೆ ಮಾಡಿದ್ದು.

“ಗೊತ್ತಿಲ್ಲ ಅಕ್ಕ,” ಎಂದೆ. “ಬಿದ್ದಾಗಲೇ ಎಲುಬು ಮುರಿದಿರಬೇಕು. ಆಮೇಲೆ ಜಾರಿದ್ದು ತಿಕ್ಕಿದ್ದರಿಂದಲೋ, ನಿದ್ದೆಯಲ್ಲಿ ಮಗ್ಗುಲು ಬದಲಿಸಿದ್ದರಿಂದಲೋ, ಯಾರಿಂದಲೂ ಹೇಳಲಿಕ್ಕೆ ಆಗುವುದಿಲ್ಲ. ತಿಕ್ಕಿದ್ದರಿಂದ ಆಗಿರಲೂಬಹುದು. ಆದರೆ ನಾನು ನನ್ನ ಕೆಲಸ ಮಾಡಿದ್ದಿದ್ದರೆ ಇವರನ್ನು ಅವತ್ತು ಮನೆಗೆ ಕಳಿಸ್ತಾ ಇರಲಿಲ್ಲ. ಕುತ್ತಿಗೆ ಮುಟ್ಟಬೇಡಿ ಅಂತ ನಿಮಗೆ ಹೇಳ್ತಿದ್ದರು.”

ಅವರು ಯಂತ್ರದಲ್ಲಿದ್ದ ಬಟ್ಟೆಯನ್ನು ತೆಗೆದು ಮಡಚಿಟ್ಟರು. ಆಮೇಲೆ, ಯಾರಿಗೋ ಲೆಕ್ಕ ಒಪ್ಪಿಸುವವರ ಹಾಗೆ ಮೆಲ್ಲನೆ ಹೇಳಿದರು: “ನಮ್ಮ ಅತ್ತೆ ಸಾಯುವಾಗ ಸಹ ನನ್ನ ಕೈಯಿಂದ ನೀರು ಕುಡಿಯಲಿಲ್ಲ. ಅವರಿಗೆ ಇದನ್ನು ಯಾರು ಹೇಳುವುದು ಈಗ?”

ಕ್ಷಮಿಸಿ ಎಂಬ ಶಬ್ದ ಬಾಯಿಗೆ ಬಂದದ್ದನ್ನು ನುಂಗಿದೆ. ಕ್ಷಮಿಸುವ ಕೆಲಸವನ್ನೂ ಅವರ ಮೇಲೆಯೇ ಹೇರಬೇಕೇ ಎನಿಸಿತು. ಏಳುತ್ತಿದ್ದಾಗ ಲೀಲಕ್ಕ ತಡೆದರು. ಈಗ ದನಿಯಲ್ಲಿ ಸಿಟ್ಟು ಇತ್ತು; ಅದು ನನಗೆ ಒಳ್ಳೆಯದೆಂದು ತೋರಿತು.

“ನನಗೆ ಹೇಳಿ ಹೋದರೆ ನಿಮಗೆ ಹಗುರ ಆಗ್ತದೆ. ನನಗೆ ಎಂತ ಆಗ್ತದೆ? ಆದಿತ್ಯವಾರ ನಮ್ಮ ಹೆಂಗಸರ ಸಂಘದ ಮೀಟಿಂಗ್ ಉಂಟು. ಹೇಳುವುದಾದರೆ ಅಲ್ಲಿ ಬಂದು ಹೇಳಿ. ನನ್ನನ್ನು ಕರೆಯುವುದು ಬಿಟ್ಟವರೆಲ್ಲ ಅಲ್ಲಿಗೆ ಬರ್ತಾರೆ.”

ಹೋಗದೆ ಇರಲು ನನಗೆ ಆ ವಾರವೆಲ್ಲ ಕಾರಣಗಳು ಸಿಗುತ್ತಲೇ ಇದ್ದವು. ಕೆಲಸ ಹೋದೀತು, ಮಗಳ ಕಿವಿಗೆ ಬಿದ್ದೀತು... ಶನಿವಾರ ಶೋಭಾ ಏನೂ ಹೇಳದೆ ನನ್ನ ಅಂಗಿಗೆ ಇಸ್ತ್ರಿ ಹಾಕಿಟ್ಟಳು.

ಅಂಗನವಾಡಿಯ ಕಟ್ಟಡದಲ್ಲಿ ಸಭೆ. ಹೆಂಗಸರು ಚಾಪೆಯ ಮೇಲೆ ಕೂತಿದ್ದರು, ಲೀಲಕ್ಕ ಗೋಡೆಯ ಹತ್ತಿರ. ಗೋಡೆಯ ಮೇಲೆ ಮಕ್ಕಳ ಚಿತ್ರಗಳು, ಅಆಇಈ. ನಾನು ನಿಂತುಕೊಂಡು ತುಳುವಿನಲ್ಲಿ ಹೇಳಿದೆ. ಕನ್ನಡದಲ್ಲಾದರೆ ಆಫೀಸಿನ ಮಾತಿನ ಹಾಗೆ ಎಲ್ಲೋ ಮರೆಯಾಗಿ ನಿಲ್ಲಬಹುದಿತ್ತು. ತುಳುವಿನಲ್ಲಿ ಅಂಥ ಮರೆ ಇಲ್ಲ. ನಾನು ಸುಳ್ಳು ಹೇಳಿದೆ, ಇವರ ಮೇಲೆ ಬಂದ ಮಾತು ನನ್ನ ಬಾಯಿಂದ ಹೊರಟದ್ದು ಎಂದೆ. ಕೆಲವರು ಲೀಲಕ್ಕನ ಕಡೆ ನೋಡಿ ತಕ್ಷಣ ಕಣ್ಣು ತಗ್ಗಿಸಿದರು. ಲೀಲಕ್ಕ ಯಾರನ್ನೂ ನೋಡಲಿಲ್ಲ, ನನ್ನನ್ನೂ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದರು.

ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕಿ ಕೊನೆಗೆ ಬಾಯಿ ಬಿಟ್ಟರು. ಬೈಯುವ ದನಿಯಲ್ಲ, ನಿಜವಾಗಿ ತಿಳಿಯಬೇಕು ಎಂದು ಕೇಳಿದ್ದು. “ಇದನ್ನು ಹೇಳಲಿಕ್ಕೆ ಇಷ್ಟು ವರ್ಷ ಬೇಕಾಯಿತಾ? ಎಲ್ಲಿದ್ದಿರಿ ನೀವು?”

ಮುಂಬೈಯೋ ದುಬೈಯೋ ಎಂದು ಅವರು ಎಣಿಸಿರಬೇಕು. ಹಾಗೆ ಇದ್ದಿದ್ದರೆ ಎಂದು ಒಂದು ಕ್ಷಣ ನಾನೂ ಬಯಸಿದೆ.

“ಇಲ್ಲೇ,” ಎಂದೆ. “ಮೂಡುಬಿದಿರೆಯಲ್ಲಿ. ಒಂದು ಬಸ್ಸು ಹತ್ತಿದರೆ ಸಾಕಿತ್ತು.”